ಕೆಟ್ಟ ಫ್ರಿಜ್ಜು: ರಿಪೇರಿಗೋ, ಗುಜರಿಗೋ?

ಹಬ್ಬ ಹತ್ತಿರ ಬಂತೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಅಂಗಡಿಗಳ ಮುಂದೆ ಎಕ್ಸ್‌ಚೇಂಜ್ ಆಫರಿನ ಬೋರ್ಡು ನೇತಾಡುತ್ತದೆ. ಅದರ ಮಾತು ಕೇಳಬೇಕೋ, ಇರುವುದನ್ನೇ ಆದಷ್ಟು ದಿನ ರಿಪೇರಿ ಮಾಡಿಸಿಕೊಂಡು ಓಡಿಸಬೇಕೋ? ಪರಿಸರಕ್ಕೆ ಯಾವುದು ಹಿತ?

ಪರ: ರಿಪೇರಿಯೇ ಮೊದಲು

ನಮ್ಮ ಕಡೆಯ ವೈಂಡಿಂಗ್ ಅಂಗಡಿಗಳು ಬದುಕಿರುವುದು ಮಿಕ್ಸಿಯನ್ನು ನಂಬಿಕೊಂಡಲ್ಲ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕಗಳ ಮೋಟಾರು, ಚನ್ನಪಟ್ಟಣದ ಗೊಂಬೆ ಲೇತು, ಕನಕಪುರ-ಮಾಗಡಿ ಕಡೆಯ ಬೋರ್‌ವೆಲ್ ಪಂಪು ಸುಟ್ಟಾಗ ಹಳೆ ಕಾಯಿಲ್ ಬಿಚ್ಚಿ ಹೊಸ ತಂತಿ ಸುತ್ತಿಕೊಡುವ ಕೈಗಳು ಅಲ್ಲಿವೆ. ಮೋಟಾರು ಸುಟ್ಟಿತೆಂದು ಯಾವ ರೈತನೂ ಪಂಪನ್ನು ಎಸೆಯುವುದಿಲ್ಲ. ಅದೇ ಬುದ್ಧಿ ಅಡುಗೆಮನೆಯ ಹೊಸ್ತಿಲಲ್ಲೇ ಯಾಕೆ ನಿಂತುಬಿಡುತ್ತದೆ?

500 ವ್ಯಾಟಿನ ಮಿಕ್ಸಿ ದಿನಕ್ಕೆ 15 ನಿಮಿಷ ತಿರುಗಿದರೆ ವರ್ಷಕ್ಕೆ ಸುಮಾರು 45 ಯೂನಿಟ್. ಹೊಸದು ಅದರಲ್ಲಿ ಹತ್ತರಲ್ಲೊಂದು ಪಾಲು ಉಳಿಸಿದರೂ ನಾಲ್ಕೈದು ಯೂನಿಟ್ ಅಷ್ಟೇ. ಇಷ್ಟಕ್ಕಾಗಿ ತಾಮ್ರ, ಉಕ್ಕಿನ ಅದಿರನ್ನು ಮತ್ತೆ ಅಗೆದು, ಕರಗಿಸಿ, ಲಾರಿಯಲ್ಲಿ ತರಬೇಕೆ? ಕೆಟ್ಟಿದ್ದು ಬಹಳ ಸಲ ಒಂದು ಕಾರ್ಬನ್ ಬ್ರಷ್ಷೋ ಕಪ್ಲರೋ ಆಗಿರುತ್ತದೆ.

ಇನ್ನು, ಬಿಟ್ಟುಕೊಟ್ಟದ್ದು ಎಲ್ಲಿಗೆ ಹೋಗುತ್ತದೆ? ಕಾಗದದ ಮೇಲೆ ಎಲ್ಲವೂ ಚೆಂದ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮ 106 ಬಗೆಯ ಸಾಧನಗಳ ಹೊಣೆಯನ್ನು ತಯಾರಕರ ತಲೆಗೆ ಕಟ್ಟಿದೆ. ಮಾಗಡಿಯ ನೆರೆಯ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ, ದೇಶದ ಮೊದಮೊದಲ ಅಧಿಕೃತ ಇ-ತ್ಯಾಜ್ಯ ಸಂಸ್ಕರಣ ಘಟಕಗಳಲ್ಲೊಂದಾದ ‘ಇ-ಪರಿಸರ’ 2005ರಲ್ಲೇ ಶುರುವಾಯಿತು. ಆದರೆ ಮನೆ ಬಾಗಿಲಿಗೆ ಬರುವವನು ತಕ್ಕಡಿ ಹಿಡಿದ ಗುಜರಿಯವನು. ತಾಮ್ರದ ಆಸೆಗೆ ಯಾರೋ ವೈರು ಸುಟ್ಟರೆ ಪಿವಿಸಿಯ ಹೊಗೆಯಲ್ಲಿ ಡಯಾಕ್ಸಿನ್ ಏಳುತ್ತದೆ. ವೃಷಭಾವತಿ ಹೊತ್ತು ತರುವ ಬೆಂಗಳೂರಿನ ಕೊಳಕನ್ನು ಬೈರಮಂಗಲ ಕೆರೆಯಲ್ಲಿ ಉಣ್ಣುತ್ತಿರುವ ಸೀಮೆ ನಮ್ಮದು. ಅದರ ಮೇಲೆ ನಮ್ಮದೂ ಒಂದಿಷ್ಟು ಏಕೆ?

ವಿರೋಧ: ಎಲ್ಲವೂ ಮಿಕ್ಸಿಯಲ್ಲ

ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆಯ ಮಾತಾದರೆ ಸೋಲೊಪ್ಪಿಕೊಂಡೆ. ಆದರೆ ಹಗಲಿರುಳು ಓಡುವ ಸಾಮಾನಿಗೂ ಅದೇ ಲೆಕ್ಕ ಹಚ್ಚುವುದು ಜಾಣತನವಲ್ಲ.

ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟ್ ಎಳೆಯುತ್ತದೆ; ಈಗಿನ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30 ಸಾಕು. ದಿನಕ್ಕೆ 12 ಗಂಟೆ ತಿರುಗಿದರೆ ವರ್ಷಕ್ಕೆ 197 ಯೂನಿಟ್ ವ್ಯತ್ಯಾಸ. ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಎಂದರೆ 140 ಕೆಜಿಯ ಹತ್ತಿರ ಬಂತು. ಸುಟ್ಟ ಫ್ಯಾನಿಗೆ ಮತ್ತೆ ವೈಂಡಿಂಗ್ ಮಾಡಿಸುವುದೆಂದರೆ ಈ ಖರ್ಚನ್ನು ಇನ್ನೂ ಹತ್ತು ವರ್ಷ ಸಾಕಿಕೊಂಡಂತೆ. 2023ರಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬೇರೆ ಬಂದಿದೆ. ಮಿತಿಯೊಳಗೆ ಬಿಲ್ಲೇ ಇಲ್ಲದ ಮನೆಗೆ ಪೋಲಾದ ಯೂನಿಟ್ಟಿನ ಬಿಸಿ ತಟ್ಟುವುದಿಲ್ಲ. ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ. ಯೋಜನೆ ಬೇಡವೆನ್ನುತ್ತಿಲ್ಲ, ಬಡವರ ಮನೆಗೆ ಅದು ಬೇಕು. ಅದರ ಜೊತೆಗೇ ಒಂದೊಂದು ಒಳ್ಳೆಯ ಫ್ಯಾನನ್ನೂ ಕೊಟ್ಟಿದ್ದರೆ ಸರ್ಕಾರಕ್ಕೇ ಉಳಿತಾಯವಾಗುತ್ತಿತ್ತು.

ಫ್ರಿಜ್ಜಿನದು ಬೇರೆಯೇ ಕಥೆ. ಹಳೆಯ ಹಲವು ಫ್ರಿಜ್ಜುಗಳಲ್ಲಿರುವ ಆರ್-134ಎ ಅನಿಲ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಜೋರು. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸಿದರೆ ಆರು ತಿಂಗಳಲ್ಲಿ ಮತ್ತೆ ಖಾಲಿ. 100 ಗ್ರಾಂ ಹಾರಿಹೋದರೆ ಆ ಫ್ಯಾನು ವರ್ಷವಿಡೀ ಉಳಿಸಿದ್ದು ಅಲ್ಲಿಗೆ ಹೋಯಿತು. ಇದಕ್ಕೂ ರಿಪೇರಿ ಎಂದೇ ಹೆಸರು! ಹೊಸ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಬರುವ ಆರ್-600ಎಗೆ ಈ ಕಾಟ ತೀರಾ ಕಡಿಮೆ. ಆದರೆ ಅದಕ್ಕೆ ಬೆಂಕಿ ಹತ್ತುತ್ತದೆ, ತರಬೇತಿ ಇಲ್ಲದವರು ಮುಟ್ಟಬಾರದು.

ಎಕ್ಸ್‌ಚೇಂಜಿನಲ್ಲಿ ಕೊಟ್ಟ ಫ್ರಿಜ್ಜು ಬಿಡದಿಯ ಯಾವುದೋ ಬಾಡಿಗೆ ರೂಮಿನಲ್ಲಿ ಮತ್ತೆ ಗುಂಯ್‌ಗುಟ್ಟಿದರೆ ನನ್ನ ವಾದಕ್ಕೆ ಅರ್ಥವಿಲ್ಲ; ಆಗ ಒಂದರ ಜಾಗದಲ್ಲಿ ಎರಡು ಓಡಿದಂತೆ. ಹಳೆಯದರ ಗ್ಯಾಸನ್ನು ಸಿಲಿಂಡರಿಗೆ ಎಳೆದು, ಒಡೆದು, ಅಧಿಕೃತ ಘಟಕಕ್ಕೆ ಕಳಿಸಿದ ರಸೀದಿ ತೋರಿಸದೆ ಯಾವ ಅಂಗಡಿಗೂ ಎಕ್ಸ್‌ಚೇಂಜ್ ಬೋರ್ಡು ಹಾಕಲು ಬಿಡಬಾರದು.