ಪೊರೆ ತೆಗೆಸಿದ ಮೇಲೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಊರುಗಳಲ್ಲಿ ನೇತ್ರತಪಾಸಣಾ ಶಿಬಿರವೊಂದು ನಡೆಯಿತೆಂದರೆ, ಎಷ್ಟು ಮಂದಿಗೆ ಪೊರೆ ತೆಗೆಸಲಾಯಿತೆಂಬ ಲೆಕ್ಕವು ಸಭೆಯಲ್ಲಿ ಹರ್ಷದಿಂದ ಘೋಷಿತವಾಗುವುದುಂಟು. ಆದರೆ ಅವರಲ್ಲಿ ಎಷ್ಟು ಮಂದಿಗೆ ತಮ್ಮ ಕೆಲಸಕ್ಕೆ ಒದಗುವಷ್ಟು ದೃಷ್ಟಿ ಮರಳಿತೆಂಬ ಲೆಕ್ಕವನ್ನು ವಿಚಾರಿಸುವವರು ವಿರಳ.

ಡಾ. ಎಂ. ಸಿ. ಮೋದಿಯವರು ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಸಾಮೂಹಿಕ ಶಸ್ತ್ರಕ್ರಿಯೆ ನಡೆಸಿದ ಕಾಲದಲ್ಲಿ, ಮಸುಕಾದ ಮಸೂರವನ್ನು ತೆಗೆದ ಮೇಲೆ ದಪ್ಪ ಕನ್ನಡಕವೇ ರೋಗಿಗೆ ಗತಿಯಾಗಿತ್ತು. ಅದು ಒಡೆಯಿತೆಂದರೆ ಮತ್ತೆ ಕತ್ತಲೆಯೇ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿಯವರು ಮೊದಲಾಗಿ ಅಳವಡಿಸಿದ ಕೃತಕ ಮಸೂರವು ಇಂದು ನಮ್ಮ ಬಡವರಿಗೂ ಲಭ್ಯವಾಗಿದೆ. ಆದರೂ ಕಣ್ಣಿನ ಉದ್ದವನ್ನೂ ಕಾರ್ನಿಯಾದ ವಕ್ರತೆಯನ್ನೂ ಸರಿಯಾಗಿ ಅಳೆಯದೆ ಲೆನ್ಸಿನ ಶಕ್ತಿಯನ್ನು ಗೊತ್ತುಮಾಡಿದರೆ ಕಾಣ್ಕೆ ಮಸುಕಾಗಿಯೇ ಉಳಿಯುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲವು, ಇಲ್ಲವೇ ಗ್ಲಾಕೋಮಾದಿಂದ ದೃಷ್ಟಿನರವು ಮೊದಲೇ ಹಾಳಾಗಿದ್ದರೆ, ಎಂತಹ ನಿಪುಣ ವೈದ್ಯನ ಕೈಯೂ ಕಳೆದುದನ್ನು ಮರಳಿಸಲಾರದು. ‘ಪೊರೆ ಇನ್ನೂ ಹಣ್ಣಾಗಲಿ’ ಎಂದು ಹಿರಿಯರನ್ನು ವರ್ಷಗಟ್ಟಲೆ ಕಾಯಿಸುವ ನಮ್ಮ ಹಳೆಯ ವಾಡಿಕೆಯಂತೂ ತೀರ ಅಪಾಯಕರ: ಬಲಿತ ಪೊರೆಯಿಂದ ಕಣ್ಣಿನೊಳಗಿನ ಒತ್ತಡವೇರಿ, ನರಕ್ಕೇ ಧಕ್ಕೆ ತಗಲುವುದುಂಟು.

ಜಗುಲಿಯಲ್ಲಿ ಕುಳಿತು ಬೀಡಿ ಕಟ್ಟುವ ಮುದುಕಿಯೊಬ್ಬಳನ್ನು ಭಾವಿಸಿರಿ. ದೂರದೃಷ್ಟಿಗೆ ಹೊಂದಿಸಿದ ಲೆನ್ಸನ್ನು ಹಾಕಿಸಿಕೊಂಡು ಬಂದ ಆಕೆಗೆ ಅಂಗಳದಾಚೆಯ ಅಡಿಕೆಮರದ ಗೊನೆ ಸ್ಪಷ್ಟವಾಗಿ ಕಾಣುತ್ತದೆ, ಬೆರಳ ತುದಿಯ ನೂಲು ಕಾಣುವುದಿಲ್ಲ. ಆಪರೇಷನ್ನೇ ಕೆಟ್ಟಿತೆಂದು ಆಕೆ ನಿಶ್ಚಯಿಸಿಬಿಡುತ್ತಾಳೆ. ಆಕೆಗೆ ಬೇಕಾದುದು ಹತ್ತಿರದ ಕೆಲಸಕ್ಕೊಂದು ಕನ್ನಡಕ ಮಾತ್ರ. ಆದರೆ ಅದನ್ನು ಹೇಳುವವರು ಯಾರು?

ಶಸ್ತ್ರಕ್ರಿಯೆಯ ಅನಂತರ ಸಾಮಾನ್ಯವಾಗಿ ನಾಲ್ಕಾರು ವಾರ ಹನಿಮದ್ದು ಬಿಡಬೇಕಾಗುತ್ತದೆ, ಮೊದಲ ಕೆಲವು ವಾರ ಕೊಳೆನೀರು, ಧೂಳುಗಳು ಕಣ್ಣಿಗೆ ತಾಗಬಾರದು. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ, ಮೈಲುತುತ್ತು ಸುಣ್ಣಗಳ ದ್ರಾವಣವು ಗಾಳಿಗೆ ಹಾರುವಾಗ ತೋಟಕ್ಕಿಳಿಯದೆ ಮನೆಯೊಳಗಿರುವುದು ನಮ್ಮ ಕೃಷಿಕರಿಗೆ ಸುಲಭವಲ್ಲವೆಂಬುದನ್ನು ಬಲ್ಲೆ. ಬಲ್ಲುದರಿಂದಲೇ ಮನೆಮಂದಿಯನ್ನು ಪ್ರಾರ್ಥಿಸುತ್ತೇನೆ, ಅಷ್ಟು ದಿನ ಅವರನ್ನು ತಡೆಯಿರಿ. ನೋವು ಹೆಚ್ಚಿ, ಕಣ್ಣು ಕೆಂಪೇರಿ, ದೃಷ್ಟಿ ಇಳಿಯತೊಡಗಿದರೆ ನಾಳೆಯೆನ್ನದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸೋಂಕು ಕಣ್ಣನ್ನು ಕೆಡಿಸಲು ಬಹಳ ಕಾಲ ಬೇಡ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಲೆನ್ಸಿನ ಹಿಂದಿನ ಪದರ ಮಬ್ಬಾದರೆ ಮಾತ್ರ ಅಂಜಬೇಕಾಗಿಲ್ಲ, ಲೇಸರಿನಿಂದ ಕೆಲವೇ ನಿಮಿಷಗಳಲ್ಲಿ ಅದು ನಿವಾರಣೆಯಾಗುತ್ತದೆ.

ಶಸ್ತ್ರಕ್ರಿಯೆಯಾದ ನೂರು ಕಣ್ಣುಗಳಲ್ಲಿ ಎಂಬತ್ತಕ್ಕಾದರೂ 6/18 ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ದೊರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದನ್ನು ಅಳತೆಗೋಲಾಗಿಟ್ಟುಕೊಂಡು, ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ದ ವಾಹನವನ್ನೇ ಆರು ವಾರಗಳ ತರುವಾಯ ಮತ್ತೊಮ್ಮೆ ಅವರ ಮನೆಬಾಗಿಲಿಗೆ ಕಳುಹಿಸಿ, ಪ್ರತಿಯೊಬ್ಬರ ಮೊದಲಿನ ದೃಷ್ಟಿಯನ್ನೂ ಈಗಿನ ದೃಷ್ಟಿಯನ್ನೂ ಒಂದೇ ಪುಸ್ತಕದಲ್ಲಿ ಬರೆದಿಡುವ ಕ್ರಮವನ್ನು ಮುಂದಿನ ಶಿಬಿರದಿಂದಲೇ ಆರಂಭಿಸಬೇಕೆಂದು ಈ ಮೂರೂ ತಾಲೂಕುಗಳ ಆಯೋಜಕರಲ್ಲಿ ನನ್ನ ಅರಿಕೆ.