ಪಾಸುಪೋರ್ಟು ನೋಡಿ ಪಗಾರವೇ?

ಒಂದೇ ಹೋಟೇಲು, ಒಂದೇ ಬಾಗಿಲು, ಒಂದೇ ಹನ್ನೆರಡು ತಾಸಿನ ಪಾಳಿ. ಆ ಬಾಗಿಲು ಕಾಯುವ ಇಬ್ಬರು ಕಾವಲುಗಾರರಿಗೆ ತಿಂಗಳ ಕೊನೆಯಲ್ಲಿ ಸಿಗುವುದು ಮಾತ್ರ ಎರಡು ಬಗೆಯ ಪಗಾರ. ಒಬ್ಬನ ದುಡಿಮೆ ಹೆಚ್ಚು, ಇನ್ನೊಬ್ಬನದು ಕಡಿಮೆ ಎಂದು ಯಾರೂ ಹೇಳುವುದಿಲ್ಲ. ಇಬ್ಬರ ಪಾಸುಪೋರ್ಟು ಬೇರೆ ಬೇರೆ ದೇಶದ್ದು, ಅಷ್ಟೇ ಕಾರಣ. ಕೊಲ್ಲಿಯ ಅರಬ್ ದೇಶಗಳಲ್ಲಿ ನಡೆದಿರುವ ಈ ಅನ್ಯಾಯವನ್ನು ಕುರಿತು, ನೈಜೀರಿಯದ ಕೆಲಸಗಾರನ ಬದುಕನ್ನು ಮುಂದಿಟ್ಟುಕೊಂಡು, ನಾವು ನಾಲ್ಕು ಮಾತು ಆಡಬೇಕೆಂದಿದ್ದೇವೆ.

"ನಮ್ಮ ಗೋಳೇ ನಮಗೆ ಸಾಕಾಗಿದೆ, ಆಫ್ರಿಕದವನ ಗೋಳು ನಮಗೇಕೆ?" ಎಂದು ಕೆಲವು ವಾಚಕರು ಕೇಳಬಹುದು. ಕೇಳುವುದು ಸಹಜ. ಆದರೆ ಕೊಲ್ಲಿಯ ದೇಶಗಳಲ್ಲಿ ನೆಲೆಸಿರುವ ಭಾರತೀಯರು ಸುಮಾರು 90 ಲಕ್ಷ. ಅವರಲ್ಲಿ ಮಂಗಳೂರು, ಉಡುಪಿ, ಭಟ್ಕಳಗಳ ಕಡೆಯ ನಮ್ಮವರು ಬೇಕಾದಷ್ಟು ಮಂದಿ ಇದ್ದಾರೆ. ಈ ಪತ್ರಿಕೆ ಓದುವ ಎಷ್ಟೋ ಮನೆಗಳಿಂದ ಅಣ್ಣನೋ, ತಮ್ಮನೋ, ಭಾವನೋ ಅಲ್ಲಿಗೆ ಹೋಗಿರುವರು. ಅಲ್ಲಿ ಅವರ ಜೊತೆಗೆ ಅದೇ ಕಂಪೆನಿಯ ಬಸ್ಸು ಹತ್ತುವವನು, ಅದೇ ಕೋಣೆಯ ಮೇಲಿನ ಮಂಚದಲ್ಲಿ ಮಲಗುವವನು ಈ ನೈಜೀರಿಯದವನು. ಮಗ್ಗುಲವನ ಕೂಲಿ ಕೆಳಗಿಳಿದರೆ ನಮ್ಮ ಕೂಲಿ ಬಹಳ ಕಾಲ ಮೇಲೆ ನಿಲ್ಲಲಾರದು. ಈ ಪಾಠವನ್ನು ಗಿರಣಿಯಲ್ಲಿ ದುಡಿದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು, ಅವನು ಊರು ಬಿಡುವುದೇಕೆ ಎಂಬುದನ್ನು ನೋಡೋಣ. ನೈಜೀರಿಯ ಸಂಪತ್ತಿಲ್ಲದ ನಾಡಲ್ಲ. 20 ಕೋಟಿಗೂ ಮಿಕ್ಕಿ ಜನರಿರುವ ಆ ದೇಶ ಜನಸಂಖ್ಯೆಯಲ್ಲಿ ಆಫ್ರಿಕ ಖಂಡಕ್ಕೇ ಮೊದಲನೆಯದು. 1956ರಲ್ಲಿ ಒಲೊಯಿಬಿರಿ ಎಂಬಲ್ಲಿ ನೆಲದಡಿಯ ಎಣ್ಣೆ ಸಿಕ್ಕಿತು. 1960ರಲ್ಲಿ ಬ್ರಿಟಿಷರ ಆಳಿಕೆ ಮುಗಿದು ಸ್ವಾತಂತ್ರ್ಯ ಬಂದಿತು. ಎಣ್ಣೆಯಿಂದಾಗಿ ಕೊಲ್ಲಿಯ ದೇಶಗಳು ಹೊರಗಿನ ಕೆಲಸಗಾರರನ್ನು ಕರೆದವು. ಅದೇ ಎಣ್ಣೆ ಇದ್ದೂ ನೈಜೀರಿಯ ತನ್ನ ಮಕ್ಕಳನ್ನು ಹೊರಗೆ ಕಳುಹಿಸಬೇಕಾಯಿತು! ಎಣ್ಣೆಯ ಹಣ ಕೆಲವರ ತಿಜೋರಿ ಸೇರಿತು, ಉಳಿದ ಕೈಗಾರಿಕೆ ಸೊರಗಿತು. ಕಡೂನ ಎಂಬ ಊರಿನಲ್ಲಿ 1957ರಲ್ಲಿ ತೆರೆದ ದೊಡ್ಡ ಬಟ್ಟೆ ಗಿರಣಿ 2002ರಲ್ಲಿ ಬಾಗಿಲು ಹಾಕಿತು. ಅದರ ಕೆಲಸಗಾರರು ತಮಗೆ ಸಲ್ಲಬೇಕಾದ ಬಾಕಿಗಾಗಿ ವರ್ಷಗಟ್ಟಲೆ ಕಾದರು. 1982ರ ಮುಷ್ಕರವನ್ನೂ, ಆಮೇಲೆ ಒಂದೊಂದಾಗಿ ಮೌನವಾದ ಮುಂಬಯಿಯ ಗಿರಣಿಗಳ ಭೋಂಗಾಗಳನ್ನೂ ಬಲ್ಲ ಮನೆಗಳಿಗೆ ಈ ಕಥೆಯನ್ನು ವಿವರಿಸಿ ಹೇಳುವುದೇನಿದೆ?

ಅದರ ಮೇಲೆ ಈಚಿನ ಪೆಟ್ಟು ಬೇರೆ. 2023ರ ಮೇ 29ರಂದು ಅಧಿಕಾರ ವಹಿಸಿಕೊಂಡ ಅಧ್ಯಕ್ಷ ಬೋಲಾ ಟಿನುಬು ಅವರು ಪೆಟ್ರೋಲಿನ ಮೇಲೆ ಸರಕಾರ ಕೊಡುತ್ತಿದ್ದ ಸಹಾಯಧನ ಮುಗಿಯಿತೆಂದು ಅಂದೇ ಸಾರಿದರು. ಮುಂದಿನ ತಿಂಗಳು ಅಲ್ಲಿಯ ನಾಣ್ಯವಾದ ನೈರಾದ ದರವನ್ನು ಪೇಟೆಯ ಏರಿಳಿತಕ್ಕೆ ಬಿಡಲಾಯಿತು. ಡಾಲರೊಂದಕ್ಕೆ 460ರ ಆಸುಪಾಸಿನಲ್ಲಿದ್ದ ನೈರಾ 2024ರಲ್ಲಿ 1500ನ್ನೂ ದಾಟಿತು. ಬಸ್ಸಿನ ಬಾಡಿಗೆ ಏರಿತು, ಅಕ್ಕಿಯ ಬೆಲೆ ಏರಿತು. ದುಡಿಯುವವನ ಕೂಲಿ ಅವುಗಳ ಹಿಂದೆ ಕುಂಟುತ್ತ ನಡೆಯಿತು.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 2024ರ ಜುಲೈಯಲ್ಲಿ ನೈಜೀರಿಯದ ಕನಿಷ್ಠ ವೇತನವನ್ನು ತಿಂಗಳಿಗೆ 30,000 ನೈರಾದಿಂದ 70,000ಕ್ಕೆ ಏರಿಸಿದರು. ಕತಾರಿನಲ್ಲಿ 2021ರಿಂದ ಜಾರಿಗೆ ಬಂದ ಕನಿಷ್ಠ ಮೂಲವೇತನ 1000 ರಿಯಾಲು, ಎಂದರೆ ಸುಮಾರು 275 ಡಾಲರು. ಡಾಲರಿಗೆ 1500ರಂತೆ ಹಿಡಿದರೆ ಅದು ನಾಲ್ಕು ಲಕ್ಷ ನೈರಾಕ್ಕೂ ಮಿಕ್ಕು. ಕತಾರಿನ ಎಲ್ಲಕ್ಕಿಂತ ಕೆಳಗಿನ ಒಂದು ತಿಂಗಳ ಪಗಾರ ಊರಿನ ಕನಿಷ್ಠ ವೇತನದ ಆರು ತಿಂಗಳಿಗೆ ಹತ್ತಿರ ಹತ್ತಿರ ಸಮನಾಯಿತು. ಹೀಗಿರುವಾಗ ಲಾಗೋಸಿನ ತರುಣನು ಊರಲ್ಲೇ ಇರಲಿ ಎಂದು ಉಪದೇಶ ಮಾಡುವವರಾರು? ಊರು ಬಿಟ್ಟು ಹೊರಡುವುದಕ್ಕೆ ಅಲ್ಲಿಯವರು 'ಜಾಪಾ' ಎನ್ನುತ್ತಾರೆ. ಯೊರುಬಾ ಭಾಷೆಯ ಈ ಮಾತಿಗೆ ತಪ್ಪಿಸಿಕೊಂಡು ಓಡು ಎಂಬ ಅರ್ಥ. ವಲಸೆಗೆ ಇಂಥ ಹೆಸರು ಇಟ್ಟಿರುವರೆಂದರೆ ಆ ತರುಣರ ಮನಸ್ಸನ್ನು ನಾವೇ ಊಹಿಸಬಹುದು.

ಓಡುವವನಿಗೆ ದಾರಿ ತೋರಿಸಲು ದಲ್ಲಾಳಿ ಸಿದ್ಧನಾಗಿರುತ್ತಾನೆ. ಕೆಲಸಕ್ಕೆ ಸೇರಿಸುವ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡಕೂಡದು, ಅದು ಧಣಿಯ ಹೊಣೆ ಎಂದು ಸಂಯುಕ್ತ ಅರಬ್ ಸಂಸ್ಥಾನಗಳ ಕಾಯಿದೆಯೇ ಹೇಳುತ್ತದೆ. ಆದರೆ ಹಣದ ವಸೂಲಿ ನಡೆಯುವುದು ಕಾಯಿದೆಯ ಕಣ್ಣಿಗೆ ಕಾಣದ ಲಾಗೋಸಿನ ಓಣಿಯಲ್ಲಿ. ಹೊಲವನ್ನೋ, ಮೋಟಾರು ಸೈಕಲನ್ನೋ ಮಾರಿ, ನೆಂಟರಿಷ್ಟರಿಂದ ಸಾಲ ಎತ್ತಿ ಅವನು ಹಣ ಕಟ್ಟುತ್ತಾನೆ. ಎಷ್ಟೋ ಜನರಿಗೆ ಕೈಗೆ ಸಿಗುವುದು ಕೆಲಸದ ವೀಸಾ ಅಲ್ಲ, ನೋಡಲು ಬರುವವರ ವೀಸಾ. ಅದರ ಅವಧಿ ತೀರುವುದರೊಳಗೆ ಕೆಲಸ ಸಿಗದಿದ್ದರೆ ದುಬಾಯಿಯಲ್ಲಿ ದಿನಕ್ಕೆ 50 ದಿರ್‌ಹಮಿನಂತೆ ದಂಡ ಬೆಳೆಯುತ್ತದೆ. ಹಿಂದಿರುಗಿ ಹೋದರೆ ಸಾಲಗಾರ, ನಿಂತರೆ ಅಪರಾಧಿ. ಇಂಥ ಸ್ಥಿತಿಯಲ್ಲಿರುವವನು ಯಾವ ಕೂಲಿಗೆ ಕರೆದರೂ ಹೋಗುತ್ತಾನೆ. 'ಸಾಲವೇ ಶೂಲ' ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಗಿರಣಿಯ ಜಾಬರನಿಗೆ ದಸ್ತೂರಿ ತೆತ್ತು ಬದಲಿ ಕೆಲಸ ಪಡೆದ ಹಿಂದಿನ ತಲೆಮಾರಿನವರು, ಕೆಲಸ ಕೊಡಿಸಿದವನ ಎದುರು ತುಟಿ ಬಿಚ್ಚುವುದು ಎಷ್ಟು ಕಷ್ಟವೆಂಬುದನ್ನು ಬಲ್ಲರು.

ದೊಡ್ಡವರ ಜಗಳದಲ್ಲಿಯೂ ಪೆಟ್ಟು ತಿನ್ನುವವನು ಇವನೇ. 2022ರ ಅಕ್ಟೋಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳು ನೈಜೀರಿಯದವರಿಗೆ ವೀಸಾ ಕೊಡುವುದನ್ನು ನಿಲ್ಲಿಸಿದವು. ಟಿಕೇಟು ಮಾರಿದ ಹಣವನ್ನು ನೈಜೀರಿಯದಿಂದ ಹೊರಗೆ ಒಯ್ಯಲಾಗುತ್ತಿಲ್ಲವೆಂದು ದುಬಾಯಿಯ ಎಮಿರೇಟ್ಸ್ ವಿಮಾನ ಕಂಪೆನಿ ಅದೇ ವರ್ಷದ ಕೊನೆಗೆ ಲಾಗೋಸಿನ ವಿಮಾನಗಳನ್ನು ನಿಲ್ಲಿಸಿತು. ವೀಸಾ ಮತ್ತೆ ತೆರೆದುದು 2024ರ ಜುಲೈಯಲ್ಲಿ, ವಿಮಾನ ಮತ್ತೆ ಹಾರಿದುದು 2024ರ ಅಕ್ಟೋಬರ್ 1ರಂದು. ಸರಕಾರಗಳಿಗೂ ಕಂಪೆನಿಗಳಿಗೂ ಇದು ಎರಡು ವರ್ಷಗಳ ಲೆಕ್ಕಾಚಾರದ ವ್ಯವಹಾರ. ದಲ್ಲಾಳಿಗೆ ಹಣ ಕಟ್ಟಿ ಊರಲ್ಲೇ ಸಿಕ್ಕಿಬಿದ್ದವನಿಗೆ ಅದು ಎರಡು ವರ್ಷಗಳ ಬಡ್ಡಿ.

ಇನ್ನು ಅಲ್ಲಿಗೆ ತಲಪಿದ ಮೇಲಿನ ಮಾತು. ಕೊಲ್ಲಿಯ ದೇಶಗಳಲ್ಲಿ 'ಕಫಾಲಾ' ಎಂಬ ಪದ್ಧತಿ ಬಹಳ ಕಾಲದಿಂದ ನಡೆದುಬಂದಿದೆ. ಅದು ಒಂದು ಬಗೆಯ ಜಾಮೀನು. ಕೆಲಸಗಾರನು ಆ ದೇಶದಲ್ಲಿರುವ ಹಕ್ಕೇ ಧಣಿಯ ಕೈಯಲ್ಲಿರುತ್ತದೆ. ಧಣಿ ಕೈಬಿಟ್ಟರೆ ಕೆಲಸದ ಜೊತೆಗೆ ನಿಲ್ಲುವ ನೆಲೆಯೂ ಹೋಯಿತು. ಹೇಳದೆ ಕೆಲಸ ಬಿಟ್ಟರೆ 'ಓಡಿಹೋದವನು' ಎಂದು ಧಣಿ ಸರಕಾರಕ್ಕೆ ದೂರು ಕೊಡಬಹುದು.

ನ್ಯಾಯವಾಗಿ ಹೇಳಬೇಕಾದರೆ, ಈ ಪದ್ಧತಿಯಲ್ಲಿ ಸುಧಾರಣೆಗಳೂ ಆಗಿವೆ. ಧಣಿಯ ಅಪ್ಪಣೆಯಿಲ್ಲದೆ ದೇಶ ಬಿಡಕೂಡದೆಂಬ ನಿಯಮವನ್ನು ಕತಾರ್ 2018ರಲ್ಲಿ ಹೆಚ್ಚಿನ ಕೆಲಸಗಾರರ ಮಟ್ಟಿಗೆ ತೆಗೆದುಹಾಕಿತು. 2020ರಲ್ಲಿ ಹಳೆಯ ಧಣಿಯ ಒಪ್ಪಿಗೆಯಿಲ್ಲದೆಯೇ ಕೆಲಸ ಬದಲಾಯಿಸಲು ಅವಕಾಶ ಕೊಟ್ಟಿತು. ಸೌದಿ ಅರೇಬಿಯವೂ 2021ರ ಮಾರ್ಚಿಯಲ್ಲಿ ಕೆಲವು ಕಟ್ಟುಗಳನ್ನು ಸಡಿಲಿಸಿತು. ಬೇಸಿಗೆಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12-30ರಿಂದ 3 ಗಂಟೆಯವರೆಗೆ ಬಯಲ ಬಿಸಿಲಿನಲ್ಲಿ ಕೆಲಸ ಮಾಡಿಸಕೂಡದೆಂಬ ಕಟ್ಟಳೆ ದುಬಾಯಿಯ ಕಡೆ ಇದೆ. ಕೆಲಸಗಾರನ ಪಾಸುಪೋರ್ಟನ್ನು ಧಣಿ ಇಟ್ಟುಕೊಳ್ಳುವುದು ಅಲ್ಲಿ ಕಾಯಿದೆಗೆ ವಿರುದ್ಧ.

ಆದರೆ ಕಾಗದದ ಮೇಲಿನ ಹಕ್ಕನ್ನು ಕೇಳಿ ಪಡೆಯುವ ಧೈರ್ಯ ಬೇಡವೇ? ಸೌದಿ ಅರೇಬಿಯ ಮತ್ತು ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಕಾರ್ಮಿಕ ಸಂಘಕ್ಕೆ ಎಡೆಯಿಲ್ಲ. ಕತಾರಿನಲ್ಲಿ ಪರದೇಶದವರು ಸಂಘ ಕಟ್ಟುವಂತಿಲ್ಲ. ಬಹರೇನ್ 2002ರ ಕಾಯಿದೆಯಿಂದ ಸಂಘಗಳಿಗೆ ಒಪ್ಪಿಗೆ ಕೊಟ್ಟು, ಪರದೇಶದವರಿಗೂ ಅವುಗಳ ಬಾಗಿಲು ತೆರೆದಿದೆ. ಬೆನ್ನ ಹಿಂದೆ ಸಂಘವಿಲ್ಲ, ತಲೆಯ ಮೇಲೆ ಸಾಲವಿದೆ. ಇಂಥವನಿಗೆ ಕಾಯಿದೆ ಓದಿ ಹೇಳುವುದು ಹಸಿದವನಿಗೆ ಅಡಿಗೆಯ ಪುಸ್ತಕ ಕೊಟ್ಟಂತೆ.

ಇಷ್ಟರಮಟ್ಟಿಗೆ ನೈಜೀರಿಯದವನ ಪಾಡೂ ನಮ್ಮವರ ಪಾಡೂ ಒಂದೇ. ಬೇರೆಯಾಗುವುದು ಪಗಾರದ ಚೀಟಿಯಲ್ಲಿ. ವಿಶ್ವಸಂಸ್ಥೆಯ ಪರವಾಗಿ ಜನಾಂಗಭೇದವನ್ನು ಪರಿಶೀಲಿಸುತ್ತಿದ್ದ ತೆಂಡಾಯಿ ಅಚಿಯುಮೆ ಎಂಬ ತಜ್ಞೆ 2019ರ ಕೊನೆಯಲ್ಲಿ ಕತಾರಿಗೆ ಹೋಗಿದ್ದರು. ಹುಟ್ಟಿದ ದೇಶವನ್ನು ನೋಡಿ ಮೇಲುಕೀಳು ಎಣಿಸುವ ಈ ರೂಢಿಯನ್ನು ಅವರು ತಮ್ಮ 2020ರ ವರದಿಯಲ್ಲಿ ಜಾತಿಪದ್ಧತಿಗೆ ಹೋಲಿಸಿದರು. ಜಾತಿ ಎಂದರೇನೆಂದು ಬಲ್ಲ ನಾವು ಈ ಹೋಲಿಕೆಯನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಆ ಏಣಿಯ ಮೇಲಿನ ಮೆಟ್ಟಿಲಲ್ಲಿ ಯುರೋಪಿನವನು, ನಡುವಿನ ಮೆಟ್ಟಿಲುಗಳಲ್ಲಿ ಅರಬ್ಬನೂ ಏಷ್ಯದವನೂ, ಎಲ್ಲಕ್ಕಿಂತ ಕೆಳಗೆ ಹೆಚ್ಚಿನ ವೇಳೆ ಆಫ್ರಿಕದವನು.

ಏಣಿ ಹೀಗೆ ನಿಲ್ಲಲು ಎರಡು ಕಾರಣಗಳಿವೆ. ಒಂದು, ಚರ್ಮದ ಬಣ್ಣದ ಮೇಲಿನ ಹಳೆಯ ತಿರಸ್ಕಾರ. ಇನ್ನೊಂದು, ತವರು ಸರಕಾರದ ಬಲಾಬಲ. ಹೊರದೇಶಕ್ಕೆ ಹೋಗುವ ತನ್ನ ಮನೆಗೆಲಸದವರಿಗೆ ತಿಂಗಳಿಗೆ 400 ಡಾಲರಿಗಿಂತ ಕಡಿಮೆ ಕೊಡಕೂಡದೆಂದು ಫಿಲಿಪ್ಪೀನ್ಸ್ ಸರಕಾರ 2006ರಲ್ಲಿಯೇ ಗೊತ್ತುಪಡಿಸಿತು. ಭಾರತ ಸರಕಾರವೂ ಇಂಥಿಂಥ ಕೆಲಸಕ್ಕೆ ಇಷ್ಟು ಎಂದು ಕನಿಷ್ಠ ದರ ಹಾಕುತ್ತದೆ. ಅದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದು ಬೇರೆ ಮಾತು. ಕೇಳುವವರೊಬ್ಬರು ಇದ್ದಾರೆ ಎಂಬ ಅಂಜಿಕೆಯಾದರೂ ಧಣಿಗೆ ಇರುತ್ತದೆ. ಹಿಂದೆ ನಿಂತು ಕೇಳುವವರು ಕಡಿಮೆಯಾದಷ್ಟೂ ಕೂಲಿಯೂ ಕಡಿಮೆ.

ಹೆಂಗಸರ ಸ್ಥಿತಿ ಇನ್ನೂ ಕಷ್ಟದ್ದು. ಕೇಶ ಶೃಂಗಾರದ ಅಂಗಡಿಯಲ್ಲಿ ಕೆಲಸ, ಶಾಲೆಯಲ್ಲಿ ಕೆಲಸ ಎಂದು ದಲ್ಲಾಳಿ ಹೇಳುತ್ತಾನೆ. ಹೋಗಿ ನೋಡಿದರೆ ನಾಲ್ಕು ಗೋಡೆಗಳ ನಡುವೆ ಮನೆಗೆಲಸ. 2021ರ ಸೌದಿ ಸುಧಾರಣೆ ಮನೆಗೆಲಸದವರನ್ನು ಹೊರಗಿಟ್ಟಿತು. ಮನೆಗೆಲಸದವರ ಹಕ್ಕುಗಳಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಒಂದು ಒಪ್ಪಂದವನ್ನು ಅಂಗೀಕರಿಸಿತು. ಕೊಲ್ಲಿಯ ಆರು ದೇಶಗಳಲ್ಲಿ ಒಂದೂ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿಲ್ಲ. ನಮ್ಮ ಭಾರತವೂ ಒತ್ತಿಲ್ಲ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಮನುಷ್ಯರ ಮಾರಾಟ ಸಾಗಾಟಗಳನ್ನು ತಡೆಯಲೆಂದೇ ನೈಜೀರಿಯ 2003ರಲ್ಲಿ ಒಂದು ರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿದೆ. ಅಂಥದೊಂದು ಸಂಸ್ಥೆ ಬೇಕಾಯಿತೆಂಬುದೇ ಈ ವ್ಯಾಪಾರ ಎಷ್ಟು ಬೆಳೆದಿದೆ ಎಂಬುದಕ್ಕೆ ಸಾಕ್ಷಿ.

ಹಾಗೆಂದು ನೈಜೀರಿಯದವರು ಕೈಕಟ್ಟಿ ಅಳುತ್ತ ಕುಳಿತಿರುವರೆಂದು ಯಾರೂ ತಿಳಿಯಬಾರದು. ಮುಂಬಯಿಯ ನಮ್ಮ ಖೋಲಿಗಳಲ್ಲಿ ಭಿಶಿ ಹಾಕುವಂತೆ ಅವರೂ ತಿಂಗಳು ತಿಂಗಳು ಹಣ ಕೂಡಿಸಿ ಸರದಿಯಂತೆ ಎತ್ತುತ್ತಾರೆ. ಯೊರುಬಾ ಜನ ಅದನ್ನು 'ಅಜೋ' ಎಂದೂ 'ಎಸುಸು' ಎಂದೂ ಕರೆಯುವರು. ಯಾವ ಬ್ಯಾಂಕೂ ಸಾಲ ಕೊಡದವನಿಗೆ ಜೊತೆಗಾರರ ಮಾತೇ ಜಾಮೀನು. ಪರವೂರಿಗೆ ಬಂದು, ಹೋಟೇಲಿನ ಬಾಂಕಿನ ಮೇಲೆ ಮಲಗಿ, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಸಂಘ ಕಟ್ಟಿದ ನಮ್ಮ ಹಿರಿಯರು ಇವರನ್ನು ಕಂಡಿದ್ದರೆ ತಮ್ಮವರೆಂದೇ ಗುರುತಿಸುತ್ತಿದ್ದರು.

ಬಂಧುಗಳೇ, ನಾವು ಹೇಳಬೇಕಾದ ಮುಖ್ಯ ಮಾತು ಇದು. ಕೊಲ್ಲಿಯ ಹೋಟೇಲುಗಳಲ್ಲಿ, ಕಟ್ಟಡಗಳಲ್ಲಿ, ಕಾವಲು ಕಂಪೆನಿಗಳಲ್ಲಿ ಮೇಲ್ವಿಚಾರಕರಾಗಿರುವ ಭಾರತೀಯರು ಬಹಳ ಮಂದಿ. ಅವರಲ್ಲಿ ಕೆಲವರು ಆಫ್ರಿಕದವನನ್ನು ಅವನ ಹೆಸರು ಹಿಡಿದು ಕರೆಯದೆ, ಬಣ್ಣ ಹಿಡಿದು ಕರೆಯುವರು. ಅವನಿಗಿಂತ ತಮಗೆ ನೂರು ದಿರ್‌ಹಮು ಹೆಚ್ಚು ಸಿಗುವುದೇ ದೊಡ್ಡ ಮರ್ಯಾದೆಯೆಂದು ತಿಳಿಯುವರು. ಆ ನೂರು ದಿರ್‌ಹಮು ಮರ್ಯಾದೆಯಲ್ಲ, ಬಾಯಿ ಮುಚ್ಚಿಸುವ ಲಂಚ. ನಾಳೆ ಧಣಿಗೆ ಖರ್ಚು ಇಳಿಸಬೇಕೆನಿಸಿದಾಗ ಅವನು ಹೆಚ್ಚಿನ ಪಗಾರದವನನ್ನು ಮನೆಗೆ ಕಳುಹಿಸಿ ಕಡಿಮೆ ಪಗಾರದವನನ್ನು ಆ ಜಾಗದಲ್ಲಿ ನಿಲ್ಲಿಸುತ್ತಾನೆ. ಆಗ ಯಾರ ಮೇಲೆ ಸಿಟ್ಟಾಗುವುದು? ಕೆಳಗಿನ ಮೆಟ್ಟಿಲಲ್ಲಿ ನಿಂತವನ ಮೇಲೋ, ಏಣಿ ಹಾಕಿದವನ ಮೇಲೋ?

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಒಂದೇ ಕೆಲಸಕ್ಕೆ ಒಂದೇ ಪಗಾರ, ಪಾಸುಪೋರ್ಟು ಯಾವ ದೇಶದ್ದಾದರೂ ಆಗಲಿ. ಕೆಲಸಕ್ಕೆ ಸೇರಿಸುವ ಖರ್ಚು ಪೂರ್ತಿ ಧಣಿಯದು. ಊರಿನಲ್ಲಿ ಹಣ ಕಿತ್ತ ದಲ್ಲಾಳಿಗೆ ಊರಿನಲ್ಲೇ ಶಿಕ್ಷೆ. ಮನೆಗೆಲಸದವರಿಗೂ ಉಳಿದವರಂತೆಯೇ ಕಾಯಿದೆಯ ರಕ್ಷಣೆ. ಸಂಘ ಕಟ್ಟುವ ಹಕ್ಕು ಎಲ್ಲರಿಗೂ. ಈ ಬೇಡಿಕೆಗಳನ್ನು ದೆಹಲಿ ಒಂದರಿಂದಲೇ, ಅಬುಜ ಒಂದರಿಂದಲೇ ಗೆಲ್ಲಲಾಗದು. ಕೆಲಸಗಾರರನ್ನು ಕಳುಹಿಸುವ ದೇಶಗಳು ಒಬ್ಬರಿಗಿಂತ ಒಬ್ಬರು ಅಗ್ಗವಾಗುವ ಪೈಪೋಟಿ ಬಿಟ್ಟು ಒಂದೇ ದರ ಕೇಳಿದಾಗ ಮಾತ್ರ ಅದು ಕೈಗೂಡುತ್ತದೆ. ಹಾಗೆ ಕೇಳಿರೆಂದು ನಮ್ಮ ಸರಕಾರವನ್ನು ಒತ್ತಾಯಿಸುವ ಕೆಲಸ ನಮ್ಮ ಸಂಘಗಳದು.

ಅಲ್ಲಿಯವರೆಗೆ ಕೈಲಾದುದೊಂದಿದೆ. ಕೊಲ್ಲಿಯಲ್ಲಿರುವ ಅಣ್ಣ ತಮ್ಮಂದಿರಿಗೆ ಈ ವಾರ ಫೋನು ಮಾಡುವಾಗ ಒಂದು ಮಾತು ಕೇಳಿ: "ನಿನ್ನ ಪಾಳಿಯಲ್ಲಿ ನೈಜೀರಿಯದವನಿದ್ದಾನೆಯೇ? ಅವನ ಹೆಸರೇನು? ಅವನಿಗೆಷ್ಟು ಪಗಾರ?" ಹೆಸರು ತಿಳಿದರೆ ಸ್ನೇಹ ಹುಟ್ಟೀತು. ಪಗಾರ ತಿಳಿದರೆ ಇಬ್ಬರಿಗೂ ಆಗುತ್ತಿರುವ ಮೋಸ ಬಯಲಾದೀತು.