ಕೂಡಿಸಿದರೂ ಕಡಿಮೆಯಾದ ಲೆಕ್ಕ

ಹೋದ ವಾರ ಐದನೇ ಇಯತ್ತೆಯ ಮಗಳು ಗಣಿತದ ಉತ್ತರಪತ್ರಿಕೆಯನ್ನು ಪಾಟೀಚೀಲದ ತಳದಲ್ಲಿ ಮುಚ್ಚಿಟ್ಟಿದ್ದಳು. ತೆಗೆದು ನೋಡಿದರೆ 1/2 + 1/3 = 2/5 ಎಂದು ಬರೆದಿದ್ದಾಳೆ, ಮೇಲೊಂದು ಕೆಂಪು ಗೀಟು. "ಕೆಳಗಿನ ಅಂಕಿ ಕೂಡಿಸಬಾರದು ಅಂತ ಎಷ್ಟ ಸಲ ಹೇಳ್ಲಿ?" ಎಂದು ರೇಗಿದೆ. "ನನಗ ಗಣಿತ ಬರಂಗಿಲ್ಲ ಬಿಡವ್ವಾ" ಎಂದು ಅತ್ತಳು.

ರಾತ್ರಿಯೆಲ್ಲ ಆ ಮಾತೇ ಕುಟುಕಿತು. ಯಾಕೆ ಕೂಡಿಸಬಾರದು ಎಂದು ಅವಳು ಕೇಳಿದ್ದರೆ ನನ್ನಲ್ಲೂ ಉತ್ತರವಿರಲಿಲ್ಲ. ನಾನೂ ಬಾಯಿಪಾಠ ಮಾಡಿದವಳೇ.

ನಮ್ಮ ಪುಣೆಯ ವಿದ್ಯಾಪೀಠದ ಆವರಣದಲ್ಲಿರುವ ಆಯುಕಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅರವಿಂದ ಗುಪ್ತಾ ಅವರು ಹತ್ತಾರು ವರ್ಷ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್, ರದ್ದಿ ಕಾಗದಗಳಿಂದಲೇ ವಿಜ್ಞಾನ, ಗಣಿತ ಕಲಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರನ್ನು ನೆನೆದು ಹಳೆ ಕ್ಯಾಲೆಂಡರ್‌ನಿಂದ 30 ಸೆಂ.ಮೀ. ಉದ್ದದ ನಾಲ್ಕು ಪಟ್ಟಿ ಕತ್ತರಿಸಿದೆ. ಒಂದೊಂದನ್ನು 2, 3, 5, 6 ಸಮಭಾಗ ಮಾಡಿ ಗೆರೆ ಎಳೆಯಲು ಮಗಳಿಗೆ ಹೇಳಿದೆ.

"ಈಗ ನಿನ್ನ ಉತ್ತರ ತೋರಿಸು." ಐದರ ಪಟ್ಟಿಯಲ್ಲಿ ಎರಡು ಭಾಗ ತೋರಿಸಿದಳು: 12 ಸೆಂ.ಮೀ. ಪಕ್ಕದಲ್ಲಿ ಅರ್ಧದ ಪಟ್ಟಿ ಇಟ್ಟೆ: 15 ಸೆಂ.ಮೀ.

ಒಂದು ಕ್ಷಣ ಸುಮ್ಮನಾದಳು. "ಅವ್ವಾ, ಅರ್ಧಕ್ಕ ಇನ್ನೊಂದಿಷ್ಟು ಕೂಡಿಸಿದ್ರ ಅರ್ಧಕ್ಕಿಂತ ಕಡಿಮಿ ಹ್ಯಾಂಗಾಗ್ತದ?"

ಅದೇ ನನಗೆ ಬೇಕಿದ್ದ ಪ್ರಶ್ನೆ. ಆರರ ಪಟ್ಟಿ ಮುಂದೆ ತಳ್ಳಿದೆ. ಅರ್ಧ ಅಂದರೆ ಅದರಲ್ಲಿ ಮೂರು ಭಾಗ, ಮೂರನೇ ಒಂದು ಅಂದರೆ ಎರಡು ಭಾಗ. ಒಟ್ಟು 5/6. ಭಾಗಗಳು ಒಂದೇ ಅಳತೆಯವಾದಾಗ ಮಾತ್ರ ಎಣಿಸಿ ಕೂಡಿಸಲು ಬರುತ್ತದೆ ಎಂಬುದನ್ನು ನಾನು ಹೇಳಲಿಲ್ಲ, ಅವಳೇ ಹೇಳಿದಳು.

ಭಾನುವಾರ ಮಂಡಈಗೆ ಕರೆದೊಯ್ದೆ. "ಪಾವ್ ಕಿಲೋ" ಬೆಂಡೆಕಾಯಿ ಕೇಳುವ ಹುಡುಗಿಗೆ ಅದೇ 1/4 ಎಂದು ಅಂದೇ ಹೊಳೆದದ್ದು! ನಮ್ಮ ಧಾರವಾಡದಲ್ಲೂ ಪಾವ್, ಸವ್ವಾ, ದೀಡ್ ಎಲ್ಲ ಬಳಕೆಯಲ್ಲಿವೆ. ಅಜ್ಜನಿಗಂತೂ ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಗಳೇ ಬಾಯಿಗೆ ಬರುತ್ತಿದ್ದವು. ಶಾಲೆಯ ಇಂಗ್ಲಿಷ್ ಲೆಕ್ಕಕ್ಕೂ ಸಂತೆಯ ಮಾತಿಗೂ ನಂಟು ಹಾಕಿಕೊಡುವವರು ಮನೆಯಲ್ಲಿ ನಾವೇ.

ನಿಮ್ಮ ಮಕ್ಕಳಿಗೂ ಇವತ್ತು ಊಟಕ್ಕೆ ಕೂತಾಗ ಕೇಳಿ: ನಾಲ್ಕು ಚಪಾತಿ, ಮೂವರು ಉಣ್ಣುವವರು, ಎಲ್ಲರಿಗೂ ಸಮ ಬರಬೇಕು. ಉತ್ತರ ತಪ್ಪಾದರೆ ರೇಗಬೇಡಿ. ಚಪಾತಿ ಕೈಗೆ ಕೊಡಿ.